ಶಾಲೆಗಳ ಹೋಲಿಕೆ: ಯಾವ ತಕ್ಕಡಿಗೂ ಸಿಗದ ಮಗು

ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ನೀವು ಕುಂದಲಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬ್ರೂಕ್‌ಫೀಲ್ಡ್ ಕಡೆಗೆ ನಡೆದು ನೋಡಿ. ಐಟಿಪಿಎಲ್ ಮುಖ್ಯರಸ್ತೆಯಲ್ಲಿ ಕಂಪನಿಗಳ ಬಸ್ಸುಗಳ ನಡುವೆ ಹಳದಿ ಬಣ್ಣದ ಶಾಲಾ ಬಸ್ಸುಗಳು ಸಾಲುಗಟ್ಟಿರುತ್ತವೆ. ಒಂದು ಬಸ್ಸಿನ ಮಕ್ಕಳದು ಸಿಬಿಎಸ್‌ಇ, ಇನ್ನೊಂದರವರದು ಐಸಿಎಸ್‌ಇ, ಮತ್ತೊಂದರವರದು ಕೇಂಬ್ರಿಜ್ ಅಥವಾ ಐ.ಬಿ. ಅದೇ ರಸ್ತೆಯ ಅಂಚಿನಲ್ಲಿ ರಾಜ್ಯ ಪಠ್ಯಕ್ರಮದ ಸರ್ಕಾರಿ ಶಾಲೆಗೆ ಚೀಲ ಹೊತ್ತು ನಡೆದು ಹೋಗುವ ಮಕ್ಕಳೂ ಸಿಗುತ್ತಾರೆ. ಇನ್ನೂ ಸ್ವಲ್ಪ ಮುಂದೆ, ತೂಬರಹಳ್ಳಿಯ ಕಡೆ, ನೀಲಿ ಟಾರ್ಪಾಲಿನ ಶೆಡ್ಡುಗಳ ಮುಂದೆ ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಎತ್ತಿಕೊಂಡು ಈ ಬಸ್ಸುಗಳನ್ನು ನೋಡುತ್ತ ನಿಂತ ಮಕ್ಕಳನ್ನೂ ಕಾಣುವಿರಿ.

ದೇಶ ದೇಶಗಳ ಶಿಕ್ಷಣವನ್ನು ಹೋಲಿಸಿ ನೋಡಲು ವಿಮಾನ ಹತ್ತಬೇಕಾಗಿಲ್ಲ. ಬ್ರೂಕ್‌ಫೀಲ್ಡ್ ಸುತ್ತಲಿನ ಎರಡು ಮೂರು ಕಿಲೊಮೀಟರ್ ಸಾಕು. ಜಿನೀವಾದಲ್ಲಿ ಹುಟ್ಟಿದ ಪಠ್ಯಕ್ರಮ, ಇಂಗ್ಲೆಂಡಿನ ಪರೀಕ್ಷೆ, ದೆಹಲಿಯ ಮಂಡಲಿ, ನಮ್ಮ ರಾಜ್ಯದ ಪಠ್ಯಪುಸ್ತಕ ಎಲ್ಲವೂ ಇಲ್ಲಿವೆ. ಆದರೂ ಪೋಷಕರು ನಾಲ್ಕು ಜನ ಸೇರಿದಲ್ಲಿ ಕೇಳಿಬರುವ ಮಾತು ಬೇರೆ. 'ಫಿನ್‌ಲೆಂಡಿನಲ್ಲಿ ಪರೀಕ್ಷೆಯೇ ಇಲ್ಲವಂತೆ', 'ಸಿಂಗಪುರದ ಗಣಿತವೇ ಗಣಿತವಂತೆ'. ಇಂಥ ಮಾತುಗಳ ಹಿಂದೆ ಸಾಮಾನ್ಯವಾಗಿ ಇರುವುದು ಒಂದು ಪಟ್ಟಿ. ಅದರ ಹೆಸರು ಪೀಸಾ. ಆ ಪಟ್ಟಿಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ಈ ಲೇಖನದ ಉದ್ದೇಶವಲ್ಲ. ಶಾಲೆಗಳನ್ನು ತೂಗುವ ತಕ್ಕಡಿಯನ್ನೇ ಒಮ್ಮೆ ತೂಗಿ ನೋಡೋಣ ಎಂಬುದಷ್ಟೆ.

ಪೀಸಾ ಅಳೆಯುವುದು ಏನನ್ನು?

ಪ್ಯಾರಿಸ್ಸಿನಲ್ಲಿರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಓಇಸಿಡಿ, 2000ದಲ್ಲಿ ಈ ಪರೀಕ್ಷೆಯನ್ನು ಆರಂಭಿಸಿತು. ಮೂರು ವರ್ಷಕ್ಕೊಮ್ಮೆ ನಡೆಯುತ್ತ ಬಂದ ಇದರ 2021ರ ಸುತ್ತು ಕೋವಿಡ್ ಕಾರಣದಿಂದ 2022ಕ್ಕೆ ಹೋಯಿತು. 15 ವರ್ಷ ವಯಸ್ಸಿನ ವಿದ್ಯಾರ್ಥಿಗಳ ಓದು, ಗಣಿತ ಮತ್ತು ವಿಜ್ಞಾನದ ಸಾಮರ್ಥ್ಯವನ್ನು ಇದು ಪರೀಕ್ಷಿಸುತ್ತದೆ.

ಮೊದಲು ಅದಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸೋಣ. ಪೀಸಾ ಪಠ್ಯಪುಸ್ತಕದ ಸಾಲನ್ನು ಕೇಳುವುದಿಲ್ಲ; ಕಲಿತದ್ದನ್ನು ಬಳಸಲು ಬರುತ್ತದೆಯೇ ಎಂದು ನೋಡುತ್ತದೆ. 'ಅಂತರ್ಜಲ ಎಂದರೇನು?' ಎಂಬ ಪ್ರಶ್ನೆಗೆ ಉತ್ತರವನ್ನು ಬಾಯಿಪಾಠ ಮಾಡಬಹುದು. ಈಗ ಈ ಪ್ರಶ್ನೆಯನ್ನು ನೋಡಿ. ಒಂದು ಅಪಾರ್ಟ್‌ಮೆಂಟಿಗೆ ದಿನಕ್ಕೆ 90,000 ಲೀಟರ್ ನೀರು ಬೇಕು. ಕೊಳವೆಬಾವಿಯಿಂದ ಗಂಟೆಗೆ 4,000 ಲೀಟರಿನಂತೆ 12 ಗಂಟೆ ಕಾಲ ನೀರು ಬರುತ್ತದೆ. ಟ್ಯಾಂಕರಿನಲ್ಲಿ 6,000 ಲೀಟರ್ ಹಿಡಿಯುತ್ತದೆ. ಹಾಗಾದರೆ ದಿನಕ್ಕೆ ಎಷ್ಟು ಟ್ಯಾಂಕರ್ ಬೇಕು? ಬೇಸಿಗೆಯಲ್ಲಿ ಬಾವಿಯ ಇಳುವರಿ ಕಾಲು ಭಾಗ ಕುಗ್ಗಿದರೆ ಎಷ್ಟು? (ಉತ್ತರ: 7 ಮತ್ತು 9.) ಇಲ್ಲಿ ಬೇಕಾದ ಗಣಿತ ಐದನೇ ತರಗತಿಯದು. ಆದರೆ ಲೆಕ್ಕವನ್ನು ಮಾತಿನೊಳಗಿಂದ ಹೆಕ್ಕಿ ತೆಗೆಯುವ ಅಭ್ಯಾಸ ಇಲ್ಲದಿದ್ದರೆ ಹತ್ತನೇ ತರಗತಿಯವರೂ ತಡವರಿಸುತ್ತಾರೆ. ಪೀಸಾ ಪ್ರಶ್ನೆಗಳ ಸ್ವಭಾವ ಇಂಥದು. ನಮ್ಮ ಪ್ರಶ್ನೆಪತ್ರಿಕೆಗಳು ಇದರಿಂದ ಕಲಿಯಬೇಕಾದದ್ದು ಬಹಳ ಇದೆ.

ಇನ್ನು ಅಂಕಗಳ ವಿಷಯ. ಪೀಸಾ ಅಂಕ ನೂರಕ್ಕೆ ಇಷ್ಟು ಎಂಬ ಶೇಕಡಾವಾರು ಅಲ್ಲ. ಆರಂಭದಲ್ಲಿ ಓಇಸಿಡಿ ದೇಶಗಳ ಸರಾಸರಿಯನ್ನು 500 ಎಂದೂ ಮಾನಕ ವಿಚಲನೆಯನ್ನು 100 ಎಂದೂ ಇಟ್ಟುಕೊಂಡು ರೂಪಿಸಿದ ಮಾಪಕ ಅದು. ಎಲ್ಲ ಮಕ್ಕಳೂ ಪರೀಕ್ಷೆ ಬರೆಯುವುದಿಲ್ಲ; ಪ್ರತಿ ದೇಶದಲ್ಲಿ ಕನಿಷ್ಠ 150 ಶಾಲೆಗಳನ್ನು ಆರಿಸಿ ಅಲ್ಲಿನ ಕೆಲವು ಮಕ್ಕಳಿಂದ ಬರೆಸುತ್ತಾರೆ. ಮಾದರಿ ಎಂದಮೇಲೆ ದೋಷದ ವ್ಯಾಪ್ತಿ ಇದ್ದೇ ಇರುತ್ತದೆ. ಎರಡು ದೇಶಗಳ ನಡುವೆ ಮೂರು ನಾಲ್ಕು ಅಂಕಗಳ ಅಂತರವಿದ್ದರೆ ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಅರ್ಥವಿಲ್ಲ. ಓಇಸಿಡಿಯ ವರದಿಗಳು ಇದನ್ನು ಸ್ಪಷ್ಟವಾಗಿಯೇ ಹೇಳುತ್ತವೆ. ಆದರೆ ಪತ್ರಿಕೆಗಳಿಗೆ ತಲುಪುವುದು '12ನೇ ಸ್ಥಾನದಿಂದ 16ಕ್ಕೆ ಕುಸಿತ' ಎಂಬಂಥ ಶೀರ್ಷಿಕೆ ಮಾತ್ರ!

ತಕ್ಕಡಿಗೆ ಬಂದವರು ಯಾರು?

ಇಷ್ಟಾದರೂ ಇವು ತಾಂತ್ರಿಕ ಸೂಕ್ಷ್ಮಗಳು. ಮುಖ್ಯ ಪ್ರಶ್ನೆ ಬೇರೆ ಇದೆ. ಸರಾಸರಿಯನ್ನು ನೋಡುವ ಮುನ್ನ ಯಾರ ಸರಾಸರಿ ಎಂದು ಕೇಳಬೇಕು.

2009ರಲ್ಲಿ ಚೀನಾದ ಶಾಂಘೈ ಮೊದಲ ಬಾರಿಗೆ ಪೀಸಾದಲ್ಲಿ ಪಾಲ್ಗೊಂಡು ಗಣಿತದಲ್ಲಿ 600 ಅಂಕ ಪಡೆಯಿತು, 2012ರಲ್ಲಿ 613. ಜಗತ್ತು ಬೆರಗಾಯಿತು. ಆದರೆ ಶಾಂಘೈನ ಗಗನಚುಂಬಿ ಕಟ್ಟಡಗಳನ್ನು ಕಟ್ಟಿದವರು ಹಳ್ಳಿಗಳಿಂದ ಬಂದ ವಲಸೆ ಕಾರ್ಮಿಕರು. ಚೀನಾದಲ್ಲಿ ಪ್ರತಿ ಕುಟುಂಬಕ್ಕೂ ಊರಿನ ನೋಂದಣಿ ಇರುತ್ತದೆ; ಅದನ್ನು ಹುಕೋ ಎನ್ನುತ್ತಾರೆ. ನೋಂದಣಿ ಹಳ್ಳಿಯಲ್ಲಿದ್ದರೆ ಮಗುವಿಗೆ ನಗರದ ಪ್ರೌಢಶಿಕ್ಷಣ ದೊರೆಯುವುದು ಕಷ್ಟ. ಹಾಗಾಗಿ ಆ ವಯಸ್ಸಿಗೆ ಬರುವಷ್ಟರಲ್ಲಿ ಅನೇಕ ಮಕ್ಕಳು ಊರಿಗೆ ಹಿಂದಿರುಗಿರುತ್ತಾರೆ. ಶಾಂಘೈ ಸರಾಸರಿಯಲ್ಲಿ ಈ ಮಕ್ಕಳ ಪಾಲೆಷ್ಟು ಎಂದು ಅಮೆರಿಕದ ಸಂಶೋಧಕ ಟಾಮ್ ಲವ್‌ಲೆಸ್ ಮುಂತಾದವರು ಪ್ರಶ್ನೆ ಎತ್ತಿದರು.

ವಿಯೆಟ್ನಾಂ ಇನ್ನೊಂದು ಉದಾಹರಣೆ. 2012ರಲ್ಲಿ ಗಣಿತದಲ್ಲಿ 511 ಅಂಕ ಪಡೆದು ಈ ಬಡ ದೇಶ ಹಲವು ಶ್ರೀಮಂತ ದೇಶಗಳನ್ನು ಹಿಂದೆ ಹಾಕಿತು. ಸಾಧನೆ ದೊಡ್ಡದೇ, ಸಂಶಯವಿಲ್ಲ. ಆದರೆ ಪೀಸಾ ನಿಯಮದಂತೆ ಏಳನೇ ತರಗತಿ ಅಥವಾ ಅದಕ್ಕಿಂತ ಮೇಲೆ ಓದುತ್ತಿರುವವರು ಮಾತ್ರ ಪರೀಕ್ಷೆಗೆ ಅರ್ಹರು. ಅಂದು ವಿಯೆಟ್ನಾಮಿನ 15 ವರ್ಷದ ಮಕ್ಕಳಲ್ಲಿ ಮಾದರಿಯ ವ್ಯಾಪ್ತಿಗೆ ಬಂದವರು ನೂರಕ್ಕೆ ಸುಮಾರು 56 ಮಂದಿ. ಉಳಿದವರಲ್ಲಿ ಹೆಚ್ಚಿನವರು ಆಗಲೇ ಶಾಲೆ ಬಿಟ್ಟಿದ್ದವರು.

ಇದರ ಪರಿಣಾಮ ಎಷ್ಟಿರಬಹುದು? ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಬಡಾವಣೆಯಲ್ಲಿ 100 ಮಕ್ಕಳಿದ್ದಾರೆ ಎನ್ನಿ. ಶಾಲೆಯಲ್ಲಿರುವ 60 ಮಕ್ಕಳು ಪರೀಕ್ಷೆ ಬರೆದು ಸರಾಸರಿ 70 ಅಂಕ ಪಡೆಯುತ್ತಾರೆ. ಹೊರಗುಳಿದ 40 ಮಕ್ಕಳನ್ನೂ ಕೂರಿಸಿ ಬರೆಸಿದ್ದರೆ ಅವರ ಸರಾಸರಿ 30 ಬರುತ್ತಿತ್ತು ಎಂದುಕೊಳ್ಳಿ. ಆಗ ಬಡಾವಣೆಯ ನಿಜವಾದ ಸರಾಸರಿ 54. ಶಾಲೆಯಲ್ಲಿ ಏನೂ ಬದಲಾಗಿಲ್ಲ, ಶಿಕ್ಷಕರು ಅವರೇ, ಪುಸ್ತಕಗಳು ಅವೇ. ಎಣಿಕೆ ಬದಲಾದ ಮಾತ್ರಕ್ಕೆ 70 ಎಂಬುದು 54 ಆಯಿತು! ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಶಾಲೆಯಿಂದ ಹೊರಗಿದ್ದ ಮಕ್ಕಳನ್ನು ಕರೆತಂದು ಸೇರಿಸಿಕೊಳ್ಳುವ ಶಾಲೆಯ ಸರಾಸರಿ ಇಳಿಯುತ್ತದೆ. ಅವರನ್ನು ಬಾಗಿಲಲ್ಲೇ ತಡೆಯುವ ಶಾಲೆಯ ಸರಾಸರಿ ಏರುತ್ತದೆ. ಸರಾಸರಿಯನ್ನೇ ಗುಣಮಟ್ಟ ಎಂದು ಕರೆದರೆ ನಾವು ಯಾರಿಗೆ ಬಹುಮಾನ ಕೊಟ್ಟಂತಾಯಿತು?

ನಮ್ಮ ಮೂರು ತಕ್ಕಡಿಗಳು

ಭಾರತದ ಕಥೆ ಏನು? ಹಿಮಾಚಲ ಪ್ರದೇಶ ಮತ್ತು ತಮಿಳುನಾಡು 2009ರ ಸುತ್ತಿನ ಮುಂದುವರಿದ ಭಾಗವಾಗಿ ಪೀಸಾದಲ್ಲಿ ಪಾಲ್ಗೊಂಡವು. 2011ರ ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ತಮಿಳುನಾಡಿಗೆ 351, ಹಿಮಾಚಲಕ್ಕೆ 338. ಒಟ್ಟು 74 ಪ್ರದೇಶಗಳ ಪಟ್ಟಿಯಲ್ಲಿ ಇವೆರಡೂ ತಳದಲ್ಲಿದ್ದವು. ಇವುಗಳ ಆಸುಪಾಸಿನಲ್ಲಿದ್ದದ್ದು ಕಿರ್ಗಿಸ್ತಾನ ಮಾತ್ರ. ಪ್ರಶ್ನೆಗಳು ನಮ್ಮ ಸಾಮಾಜಿಕ, ಸಾಂಸ್ಕೃತಿಕ ಪರಿಸರಕ್ಕೆ ಹೊಂದುವುದಿಲ್ಲ ಎಂದು ಹೇಳಿ ಭಾರತ ಮುಂದಿನ ಸುತ್ತುಗಳಿಂದ ದೂರ ಉಳಿಯಿತು. 2019ರಲ್ಲಿ ಮತ್ತೆ ಸೇರಲು ನಿರ್ಧಾರವಾಯಿತು. ಅದೂ ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ ಮತ್ತು ಚಂಡೀಗಢದ ಶಾಲೆಗಳ ಮೂಲಕ. ಕೊನೆಗೆ 2022ರ ಪರೀಕ್ಷೆಯಲ್ಲಿ ಭಾರತ ಇರಲಿಲ್ಲ.

ಈ ಎರಡೂ ನಡೆಗಳು ವಿಜ್ಞಾನದ ದೃಷ್ಟಿಯಿಂದ ತೃಪ್ತಿಕರವಲ್ಲ. ತಮಿಳುನಾಡಿನಲ್ಲಿ ಗಣಿತದ ತಳಮಟ್ಟವೆನ್ನಬಹುದಾದ ಎರಡನೇ ಹಂತವನ್ನು ಮುಟ್ಟಿದವರು ನೂರಕ್ಕೆ ಸುಮಾರು 15 ಮಂದಿ. ಇಷ್ಟು ದೊಡ್ಡ ಕೊರತೆಯನ್ನು ಪ್ರಶ್ನೆಗಳ ಸಾಂಸ್ಕೃತಿಕ ದೋಷವೊಂದೇ ವಿವರಿಸಲಾರದು. ಜ್ವರ ಬಂದಾಗ ಉಷ್ಣಮಾಪಕ ವಿದೇಶದ್ದು ಎಂದು ಪಕ್ಕಕ್ಕಿಟ್ಟರೆ ಜ್ವರ ಇಳಿಯುತ್ತದೆಯೆ? ಹಾಗೆಯೇ, ಆರಿಸಿದ ಶಾಲೆಗಳನ್ನು ಮುಂದಿಟ್ಟು ಅಳೆಸಿಕೊಳ್ಳುವುದು ಮನೆಯಲ್ಲಿ ಆರೋಗ್ಯವಾಗಿರುವವರಿಗಷ್ಟೇ ಉಷ್ಣಮಾಪಕ ಇಟ್ಟಂತೆ.

ನಮ್ಮದೇ ಆದ ತಕ್ಕಡಿಗಳಿಲ್ಲವೆ? ಇವೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆ 2017 ಮತ್ತು 2021ರಲ್ಲಿ ನಡೆಯಿತು. 2024ರ ಡಿಸೆಂಬರಿನಲ್ಲಿ ಅದು 'ಪರಖ್' ಹೆಸರಿನಲ್ಲಿ 3, 6 ಮತ್ತು 9ನೇ ತರಗತಿಗಳಿಗೆ ನಡೆಯಿತು. ಇದು ಶಾಲೆಗೆ ಹೋಗಿ ಅಂದು ಹಾಜರಿರುವ ಮಕ್ಕಳನ್ನು ಅಳೆಯುತ್ತದೆ. ಇನ್ನೊಂದು, 'ಪ್ರಥಮ್' ಸಂಸ್ಥೆ 2005ರಿಂದ ನಡೆಸುತ್ತ ಬಂದಿರುವ 'ಅಸರ್' ಸಮೀಕ್ಷೆ. ಇದು ಮನೆಮನೆಗೆ ಹೋಗಿ, ಮಗುವಿನ ಪಕ್ಕ ಕುಳಿತು, ಓದಿಸಿ ನೋಡುತ್ತದೆ. ಹಾಗಾಗಿ ಶಾಲೆ ಬಿಟ್ಟ ಮಗುವೂ ಲೆಕ್ಕಕ್ಕೆ ಸಿಗುತ್ತದೆ. ಆದರೆ ಇದು ಗ್ರಾಮೀಣ ಭಾರತದ ಸಮೀಕ್ಷೆ.

ಈಗ ತೂಬರಹಳ್ಳಿಯ ಶೆಡ್ಡಿನ ಮುಂದೆ ನಿಂತ ಹುಡುಗಿಯ ಬಳಿಗೆ ಮರಳಿ. ಅವಳ ತಂದೆತಾಯಿ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಗುಳೆ ಬಂದವರು; ಕಟ್ಟಡದ ಕೆಲಸದವರು. ಪೀಸಾ ತಕ್ಕಡಿಗೆ ಅವಳು ಸಿಗುವುದಿಲ್ಲ. ನಮ್ಮ ದೇಶ ಅದರಲ್ಲಿ ಇರಲಿಲ್ಲ, ಇದ್ದಿದ್ದರೂ ಅವಳು ಏಳನೇ ತರಗತಿ ಮುಟ್ಟುವುದು ಸಂಶಯ. ಸಾಧನಾ ಸಮೀಕ್ಷೆಗೆ ಸಿಗುವುದಿಲ್ಲ. ಅಂದು ಅವಳು ಶಾಲೆಯಲ್ಲಿಲ್ಲ. ಅಸರ್ ಸಮೀಕ್ಷೆಗೆ ಸಿಗುವುದಿಲ್ಲ, ಬೆಂಗಳೂರು ಹಳ್ಳಿಯಲ್ಲ. ಸಮೀಕ್ಷೆಯವರು ಅವಳ ಊರಿಗೆ ಹೋದಾಗ ಮನೆಗೆ ಬೀಗ! ಶಾಂಘೈನ ಎಣಿಕೆಯಲ್ಲಿ ವಲಸೆ ಮಕ್ಕಳು ಕಾಣೆಯಾದರು ಎಂದು ನಾವು ಬೆರಳು ತೋರಿಸುವಾಗ ಉಳಿದ ಬೆರಳುಗಳು ಬ್ರೂಕ್‌ಫೀಲ್ಡಿನ ಕಡೆಗೆ ಮಡಚಿರುತ್ತವೆ.

ಅಳತೆಗೋಲು ಬದಲಾದರೆ

ಅಳತೆಯ ವಿಧಾನ ಫಲಿತಾಂಶವನ್ನು ಎಷ್ಟು ಅಲುಗಾಡಿಸಬಲ್ಲದು ಎಂಬುದಕ್ಕೆ ದೂರದ ಉದಾಹರಣೆ ಬೇಡ. ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳ ಕಲಿಕೆ ಇಷ್ಟು ಕುಸಿಯಿತೆ? ಹಾಗೆ ನಂಬುವುದು ಕಷ್ಟ. ಮುಖ್ಯವಾಗಿ ಬದಲಾದದ್ದು ಅಳತೆಗೋಲು.

ಫಿನ್‌ಲೆಂಡಿನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಮಕ್ಕಳು ಏಳನೇ ವರ್ಷಕ್ಕೆ ಶಾಲೆ ಸೇರುತ್ತಾರೆ. ಶಾಲೆಯ ಊಟ 1940ರ ದಶಕದಿಂದಲೂ ಉಚಿತ. ಪ್ರೌಢಶಿಕ್ಷಣ ಮುಗಿಯುವವರೆಗೆ ರಾಷ್ಟ್ರಮಟ್ಟದ ಪರೀಕ್ಷೆಯಿಲ್ಲ. ಶಿಕ್ಷಕರಾಗಲು ಸ್ನಾತಕೋತ್ತರ ಪದವಿ ಬೇಕು. 2006ರಲ್ಲಿ ಈ ದೇಶ ಗಣಿತದಲ್ಲಿ 548 ಅಂಕ ಪಡೆದಾಗ ಎಲ್ಲರೂ ಈ ಅಂಶಗಳೇ ಯಶಸ್ಸಿನ ಗುಟ್ಟು ಎಂದರು. 2022ರಲ್ಲಿ ಅದೇ ದೇಶಕ್ಕೆ 484 ಬಂತು. ಆ ಅಂಶಗಳು ಅಲ್ಲಿ ಈಗಲೂ ಹಾಗೆಯೇ ಇವೆ! ಹಾಗಾದರೆ ಅವು ಕೆಟ್ಟವೆ? ಖಂಡಿತ ಅಲ್ಲ. ಅಂಕ ಏರಿದಾಗ ಕಂಡ ಲಕ್ಷಣಗಳನ್ನೆಲ್ಲ ಕಾರಣವೆಂದು ಭಾವಿಸಬಾರದು ಎಂಬುದಷ್ಟೇ ಪಾಠ. ಸಹಸಂಬಂಧ ಬೇರೆ, ಕಾರ್ಯಕಾರಣ ಸಂಬಂಧ ಬೇರೆ.

ಪಟ್ಟಿಯ ಮೇಲ್ತುದಿಯಲ್ಲಿರುವ ಪೂರ್ವ ಏಷ್ಯಾದ ದೇಶಗಳ ಅಂಕಗಳಲ್ಲಿ ಶಾಲೆಯ ಪಾಲೆಷ್ಟು, ಸಂಜೆಯ ಟ್ಯೂಷನ್ನಿನ ಪಾಲೆಷ್ಟು ಎಂದು ಬೇರ್ಪಡಿಸುವುದೂ ಸುಲಭವಲ್ಲ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಟ್ಯೂಷನ್ ಕೇಂದ್ರಗಳು ರಾತ್ರಿ 10ರ ನಂತರ ಪಾಠ ಮಾಡಬಾರದೆಂದು ನಿಯಮ ಮಾಡಬೇಕಾಯಿತು. ಚೀನಾ 2021ರಲ್ಲಿ ಶಾಲಾ ವಿಷಯಗಳ ಲಾಭದಾಯಕ ಟ್ಯೂಷನ್ ಮೇಲೆ ನಿರ್ಬಂಧ ಹೇರಿತು. 2022ರಲ್ಲಿ ಗಣಿತದಲ್ಲಿ 575 ಅಂಕ ಪಡೆದು ಮೊದಲ ಸ್ಥಾನದಲ್ಲಿದ್ದ ಸಿಂಗಪುರವೇ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲಿ ಪ್ರತ್ಯೇಕ ವಿಭಾಗಗಳಿಗೆ ಹಂಚುವ ತನ್ನ ಹಳೆಯ ಪದ್ಧತಿಯನ್ನು 2024ರಲ್ಲಿ ಪ್ರೌಢಶಾಲೆ ಸೇರಿದವರಿಂದ ಕೈಬಿಟ್ಟಿತು. ನಾವು ನಕಲು ಮಾಡಹೊರಟ ಪುಟವನ್ನು ಬರೆದವರೇ ತಿದ್ದುತ್ತಿದ್ದಾರೆ.

ಪಟ್ಟಿಯ ಕೆಳಗಿನವರಿಂದ ಒಂದು ಪಾಠ

ಹಾಗಾದರೆ ದೇಶಗಳನ್ನು ಹೋಲಿಸುವುದೇ ವ್ಯರ್ಥವೆ? ಅಲ್ಲ. ಸರಿಯಾದ ಹೋಲಿಕೆಗೆ ಬೇರೆ ಪ್ರಶ್ನೆ ಬೇಕು. 'ಮೊದಲ ಸ್ಥಾನ ಯಾರದು?' ಎನ್ನುವ ಬದಲು 'ನಮ್ಮ ಮಗುವಿನಂಥ ಮಗು ಬೇರೆಲ್ಲಿದೆ, ಅಲ್ಲಿ ಏನು ಮಾಡಿದರು?' ಎಂದು ಕೇಳಬೇಕು.

ಕೊಲಂಬಿಯಾವನ್ನು ನೋಡಿ. 2022ರ ಪೀಸಾ ಗಣಿತದಲ್ಲಿ ಅದಕ್ಕೆ ಸಿಕ್ಕಿದ್ದು 383. ಪಟ್ಟಿ ನೋಡಿ ಪಾಠ ಕಲಿಯುವವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ 1970ರ ದಶಕದ ಮಧ್ಯದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ವಿಕಿ ಕೋಲ್ಬರ್ಟ್ ಮತ್ತು ಸಂಗಡಿಗರು ಒಂದು ಪದ್ಧತಿಯನ್ನು ಆರಂಭಿಸಿದರು. ಅದರ ಹೆಸರು ಎಸ್ಕುವೆಲಾ ನುಯೆವಾ, ಅಂದರೆ ಹೊಸ ಶಾಲೆ. ಒಬ್ಬರೋ ಇಬ್ಬರೋ ಶಿಕ್ಷಕರು, ಹಲವು ತರಗತಿಗಳು. ಮಕ್ಕಳು ಗುಂಪಿನಲ್ಲಿ ಕುಳಿತು ಕಲಿಕಾ ಕೈಪಿಡಿಯ ನೆರವಿನಿಂದ ತಮ್ಮ ವೇಗದಲ್ಲಿ ಮುಂದುವರಿಯುತ್ತಾರೆ. ಕೊಯ್ಲಿಗೆಂದು ಮಗು ಕೆಲವು ವಾರ ಹೊಲಕ್ಕೆ ಹೋದರೆ, ಮರಳಿದಾಗ ಬಿಟ್ಟ ಜಾಗದಿಂದಲೇ ಶುರು ಮಾಡುತ್ತದೆ. ತರಗತಿ ಮುಂದೆ ಹೋಯಿತೆಂದು ಹಿಂದುಳಿಯಬೇಕಾಗಿಲ್ಲ, ವರ್ಷ ಕಳೆದುಕೊಳ್ಳಬೇಕಾಗಿಲ್ಲ. 1990ರ ದಶಕದ ಕೊನೆಯಲ್ಲಿ ಯುನೆಸ್ಕೊ ಲ್ಯಾಟಿನ್ ಅಮೆರಿಕದ ದೇಶಗಳನ್ನು ಹೋಲಿಸಿದಾಗ, ಮಹಾನಗರಗಳನ್ನು ಬಿಟ್ಟರೆ ಹಳ್ಳಿಯ ಮಕ್ಕಳು ಪಟ್ಟಣದ ಮಕ್ಕಳಿಗಿಂತ ಮುಂದಿದ್ದ ದೇಶವಾಗಿ ಕೊಲಂಬಿಯಾ ಕಾಣಿಸಿತು. ಇದು ದೇಶದ ಸರಾಸರಿಯೊಳಗೆ ಅಡಗಿ ಹೋಗುವ ಸತ್ಯ.

ಇದನ್ನು ಓದುವಾಗ ನಿಮಗೆ ಏನೋ ಪರಿಚಿತ ಎನಿಸಿರಬೇಕು. ಹೌದು, ನಮ್ಮ 'ನಲಿ-ಕಲಿ'! ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿಯ ಬಹುವರ್ಗ ಶಾಲೆಗಳಿಗಾಗಿ ಕಲಿಕಾ ಏಣಿ ಮತ್ತು ಕಾರ್ಡುಗಳ ಪದ್ಧತಿಯನ್ನು ರೂಪಿಸಿದ್ದರು. ಅದನ್ನು ನೋಡಿ ಬಂದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ನಲಿ-ಕಲಿಯನ್ನು ಆರಂಭಿಸಿದರು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಅಂದರೆ ಗುಳೆ ಹೋಗುವ ಮಗುವಿಗೆ ಹೇಳಿ ಮಾಡಿಸಿದಂಥ ಸಾಧನ ನಮ್ಮ ಕೈಯಲ್ಲೇ ಇದೆ.

ಆದರೂ ತೂಬರಹಳ್ಳಿಯ ಹುಡುಗಿಗೆ ಅದು ಒದಗುತ್ತಿಲ್ಲ, ಏಕೆ? ಯಾದಗಿರಿಯ ಶಾಲೆಯಲ್ಲಿ ಅವಳು ಏಣಿಯ ಇಪ್ಪತ್ತನೇ ಮೆಟ್ಟಿಲಲ್ಲಿದ್ದಳು ಎನ್ನಿ. ಬೆಂಗಳೂರಿಗೆ ಬಂದಾಗ ಆ ಮಾಹಿತಿ ಅವಳ ಜೊತೆ ಬರುವುದಿಲ್ಲ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಎಸ್‌ಎಟಿಎಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಒಂದು ಸಂಖ್ಯೆಯಿದೆ. ಆ ಸಂಖ್ಯೆಯ ಜೊತೆ ಮಗು ನಿಂತಿರುವ ಮೆಟ್ಟಿಲೂ ಪಯಣಿಸಿದರೆ, ಹೊಸ ಶಾಲೆಯ ಶಿಕ್ಷಕಿ ಮೊದಲ ದಿನವೇ ಸರಿಯಾದ ಕಾರ್ಡನ್ನು ಅವಳ ಕೈಗೆ ಕೊಡಬಹುದು. ಇದಕ್ಕೆ ದುಬಾರಿ ತಂತ್ರಜ್ಞಾನ ಬೇಡ. ಜಗತ್ತಿಗೆ ತಂತ್ರಾಂಶ ಬರೆದು ಕೊಡುವ ಬ್ರೂಕ್‌ಫೀಲ್ಡಿಗೆ ಇದು ಒಂದು ವಾರದ ಕೆಲಸವೂ ಅಲ್ಲ.

ಕಾನೂನಿನ ಬೆಂಬಲವೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಇದೇ ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ. 25 ಸೀಟು ಮೀಸಲಿಟ್ಟಿತ್ತು. ಆದರೆ ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಇದು ಅನ್ವಯಿಸದು ಎಂದು ಕರ್ನಾಟಕ 2019-20ನೇ ಸಾಲಿನಿಂದ ನಿಯಮ ಬದಲಿಸಿತು. ಹಾಗೆ ಹಳದಿ ಬಸ್ಸಿನ ಆ ಕಿರಿದಾದ ಬಾಗಿಲೂ ಇಂಥ ಮಕ್ಕಳ ಪಾಲಿಗೆ ಬಹುಮಟ್ಟಿಗೆ ಮುಚ್ಚಿತು. ಉಳಿದಿರುವ ದಾರಿ ಸರ್ಕಾರಿ ಶಾಲೆ ಮತ್ತು ಟೆಂಟ್ ಶಾಲೆ. ಅವುಗಳನ್ನು ಬಲಪಡಿಸದೆ ಅಂತಾರಾಷ್ಟ್ರೀಯ ಗುಣಮಟ್ಟದ ಮಾತಾಡಿದರೆ ಅದು ಬರಿಯ ಫಲಕದ ಮೇಲಿನ ಅಕ್ಷರ.

ನೀವೇ ಎಣಿಸಿ ನೋಡಿ

ಓದುಗರಲ್ಲಿ ಅನೇಕರು ಶಿಕ್ಷಕರು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಯೋಜನೆ ಹುಡುಕುತ್ತಿದ್ದರೆ ಇದೊಂದನ್ನು ಪ್ರಯತ್ನಿಸಿ. ನಿಮ್ಮ ಶಾಲೆಯ ಸುತ್ತ ಒಂದು ಕಿಲೊಮೀಟರ್ ವ್ಯಾಪ್ತಿಯ ನಕ್ಷೆ ಬರೆಯಿರಿ. ಅದರೊಳಗೆ 6ರಿಂದ 14 ವರ್ಷದ ಎಷ್ಟು ಮಕ್ಕಳಿದ್ದಾರೆ, ಶಾಲೆಯಲ್ಲಿ ದಾಖಲಾದವರು ಎಷ್ಟು, ಕಳೆದ ಏಳು ದಿನಗಳಲ್ಲಿ ಹಾಜರಾದವರು ಎಷ್ಟು, ಮನೆಯ ಭಾಷೆ ಯಾವುದು, ಎಷ್ಟು ತಿಂಗಳಿಗೊಮ್ಮೆ ಊರು ಬದಲಾಗುತ್ತದೆ ಎಂದು ದಾಖಲಿಸಿ. ಯಾರ ಹೆಸರನ್ನೂ ಬರೆದುಕೊಳ್ಳಬೇಡಿ. ಹಿರಿಯರ ಅನುಮತಿ ಪಡೆದೇ ಕೇಳಿ. ಮೂರು ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಇಡಿ: ಇರುವ ಮಕ್ಕಳು, ದಾಖಲಾದ ಮಕ್ಕಳು, ಹಾಜರಾದ ಮಕ್ಕಳು. ಮೂರೂ ಸರಿಸಮವಾಗಿದ್ದರೆ ನಿಮ್ಮ ಬಡಾವಣೆಯ ಸರಾಸರಿಯನ್ನು ಯಾವ ದೇಶದ ಜೊತೆ ಬೇಕಾದರೂ ಧೈರ್ಯವಾಗಿ ಹೋಲಿಸಬಹುದು.

ಸಮವಿಲ್ಲದಿದ್ದರೆ, ಆ ಪಟ್ಟಿಯನ್ನು ಹಿಡಿದು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿ ಸದಸ್ಯರನ್ನೂ ಕಾಣಿರಿ. ಸಿಂಗಪುರದ ವಿಷಯವನ್ನು ಆಮೇಲೆ ಮಾತಾಡಬಹುದು.